ಕಂಬಳಿ ಹೊದ್ದ ಕನ್ನಡಿ

ಮಾಘದ ಚಳಿ. ದನ ಕೊಟ್ಟಿಗೆಗೆ ಬಂದು ಹೊತ್ತು ಮುಳುಗುವ ಸಮಯಕ್ಕೆ ಶಿವನಿ ಊರಿನ ನಮ್ಮ ಮನೆಯಲ್ಲಿ ಈ ರಗಳೆ ಶುರುವಾಯಿತು.

ಮೊಮ್ಮಗಳು ಮಧುಶ್ರೀ ದೂರದರ್ಶಕಕ್ಕೆಂದು ಊಟದ ತಟ್ಟೆಯಗಲದ ಕನ್ನಡಿ ಮಾಡಿದ್ದಳು. ಮೇಲೊಂದು ತೆಳು ಗಾಜು, ಕೆಳಗೊಂದು, ನಡುವೆ ಜೇನುಹುಟ್ಟಿನಂತೆ ಗಾಜಿನ ಗೋಡೆಗಳು, ಒಳಗೆಲ್ಲ ಪೊಳ್ಳು. ಮಳೆಗಾಲವಿಡೀ ಕೂತು ಉಜ್ಜಿದ್ದಳು. ಅವತ್ತು ಕಡೂರಿನಿಂದ ಓಂಕಾರೇಶ್ ಮೇಷ್ಟ್ರು ಅದನ್ನು ನೋಡಲು ಬರುವವರಿದ್ದರು. ಮೆಚ್ಚಿದರೆ ಅವರ ಶಾಲೆಗೆ ಇಂಥದ್ದೇ ದೊಡ್ಡದೊಂದನ್ನು ಮಾಡುವ ಕೆಲಸ ಇವಳಿಗೆ. ಇಲ್ಲದಿದ್ದರೆ ಬೇರೆ ಕಡೆಯಿಂದ ದಪ್ಪ ಗಾಜಿನದು ತರಿಸುತ್ತಾರೆ. ಹುಡುಗಿಗೆ ಅನ್ನ ಸೇರುತ್ತಿರಲಿಲ್ಲ.

ಅವಳು ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಗಾಜು ಹೊರಗಿನ ಗಾಳಿಯಷ್ಟೇ ತಣ್ಣಗಿರಬೇಕು. ಬೆಚ್ಚಗಿದ್ದರೆ ಅದರ ಮೈ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗುತ್ತದೆ, ಮುಂದಿನ ಗಾಳಿಯೂ ಕುದಿಯುತ್ತದೆ, ಚುಕ್ಕಿ ಕದಡಿಹೋಗುತ್ತದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥ ಮುದುಕನಿಗೇ ಅರ್ಥವಾಯಿತು. ಲಿಂಗದಹಳ್ಳಿಯಿಂದ ಸಂಕ್ರಾಂತಿಗೆ ಬಂದು ಇನ್ನೂ ಉಳಿದಿದ್ದ ನನ್ನ ತಂಗಿ ಕರಿಬಸಮ್ಮನಿಗೆ ಮಾತ್ರ ಆಗಲಿಲ್ಲ. ಜಗುಲಿಯ ಮೇಲೆ ತಣ್ಣಗಾಗಲು ಇಟ್ಟಿದ್ದ ಕನ್ನಡಿಯನ್ನು ಒಳಗೊಯ್ದು, ಕಂಬಳಿ ಸುತ್ತಿ, ಬಾಣಂತಿಗೆ ಇಡುವಂತೆ ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದಳು.

"ಅಜ್ಜೀ! ಏನ್ ಮಾಡ್ಬಿಟ್ಟೆ?"

"ಚಳಿಗೆ ಬಿರುಕು ಬಿಟ್ರೆ ಏನೇ ಗತಿ? ಲಾಟೀನು ಗಾಜು ನನ್ ಕೈಯಾಗೆ ಎಷ್ಟ್ ಸಲ ಚಟ್ ಅಂದೈತೆ!"

"ಅದು ಬಿಸಿಯಾಗಿದ್ದಕ್ಕೇ ಚಟ್ ಅಂದಿದ್ದು!"

"ನಂಗ್ ಹೇಳ್ಕೊಡಬ್ಯಾಡ. ಊರೆಲ್ಲಾ ಬಾಣಂತನ ಮಾಡೀನಿ."

"ಇದು ಕೂಸಲ್ಲ ಕಣಜ್ಜೀ!"

ಅಷ್ಟರಲ್ಲಿ ಮೇಷ್ಟ್ರು ಬಂದೇಬಿಟ್ಟರು. ಮಧುಶ್ರೀ ಅಂಗಳದಲ್ಲಿ ದೂರದರ್ಶಕದ ಕೊಳವೆಯ ತಳಕ್ಕೆ ಕನ್ನಡಿ ಕೂರಿಸಿ, ಗುರುಗ್ರಹಕ್ಕೆ ತಿರುಗಿಸಿದಳು. ನಾನೂ ಇಣುಕಿದೆ. ಕುದಿಯುವ ಗಂಜಿಯಲ್ಲಿ ಅಗುಳು ಹೊರಳಿದಂತೆ ಏನೋ ಹೊರಳುತ್ತಿತ್ತು.

"ಪೊಳ್ಳು ಗಾಜಿನ ಹಣೆಬರಹವೇ ಇಷ್ಟಮ್ಮ," ಎಂದರು ಮೇಷ್ಟ್ರು.

"ಬಿಸಿಯಾಗೈತೆ ಸಾರ್. ದಪ್ಪ ಗಾಜಾದ್ರೆ ಬೆಳಗಿನ ಜಾವದ ತನಕ ಕಾಯ್ಬೇಕು. ಇದಕ್ಕೆ ಒಂದು ಊಟದ ಹೊತ್ತು ಸಾಕು."

"ಕೊನೇ ಬಸ್ಸು ತಪ್ಪಿಸ್ಬೇಡ ತಾಯಿ."

ರೊಟ್ಟಿ ತಿನ್ನಿಸಿ ಕೂರಿಸಿದೆವು. ಮಧುಶ್ರೀ ಓಡಿ ಓಡಿ ನೋಡಿ ಬರುತ್ತಿದ್ದಳು. "ಸಾರ್, ಬನ್ನಿ! ಗುರುವಿನ ಮೈಮೇಲಿನ ಪಟ್ಟೆ ಎರಡೂ ಗೆರೆ ಎಳ್ದಂಗೆ ಕಾಣ್ತವೆ!" ಎಂದು ಒಳಗೆ ಬಂದು ಕೂಗಿದಳು. ಮೇಷ್ಟ್ರು ಕೈ ತೊಳೆದು ಹೋಗಿ ಕಣ್ಣಿಟ್ಟರು. "ಎಲ್ಲಮ್ಮ ಪಟ್ಟೆ?" ಎಂದವರೇ ಕೆಮ್ಮತೊಡಗಿದರು.

ಕೊಳವೆಯ ಬುಡದಲ್ಲಿ, ಆಚೆ ಮಗ್ಗುಲಿಗೆ, ಕರಿಬಸಮ್ಮ ಕುಕ್ಕರುಗಾಲಲ್ಲಿ ಕೂತು, ಒಡೆದ ಮಡಕೆಯ ಓಡಿನ ಮೇಲೆ ಪೊರಕೆ ಕಡ್ಡಿ, ಉಪ್ಪು, ಮೆಣಸಿನಕಾಯಿ ಧಗಧಗ ಸುಡುತ್ತಿದ್ದಳು.

"ಮೇಷ್ಟ್ರ ಕಣ್ಣು ಬಿದ್ದೈತೆ. ದೃಷ್ಟಿ ತೆಗೀತಿದ್ದೆ," ಎಂದಳು.

"ನನ್ ಕಣ್ಣಾ?!"

ಮಧುಶ್ರೀ ತಲೆ ಹಿಡಿದುಕೊಂಡು ನೆಲಕ್ಕೇ ಕೂತಳು. ಈ ತಂಗಿಯ ಮಾತಿಗೆ ಎಪ್ಪತ್ತು ವರ್ಷ ನಾನು ಎದುರಾಡಿದವನಲ್ಲ. ಅವತ್ತು ಬಾಯಿ ತಡೆಯಲಿಲ್ಲ.

"ಲೇ ಕರಿಬಸೀ, ಏಳ್ತೀಯೋ ಇಲ್ವೋ? ಇನ್ನೊಂದ್ ಸಲ ಆ ಗಾಜಿನ ತಂಟೆಗೆ ಹೋದ್ರೆ ನನ್ನನ್ನ ಅಣ್ಣ ಅಂತ ಕರೀಬ್ಯಾಡ!"

ಅವಳು ಓಡನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಅದೇ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು.

ಮೇಷ್ಟ್ರು ಉರಿದುಬಿದ್ದರು. ಸ್ವಲ್ಪ ಹೊತ್ತು ಗೊಣಗಿದರು. ಮಾಡಲು ಬೇರೆ ಕೆಲಸವಿಲ್ಲದೆ ಮತ್ತೆ ಕಣ್ಣಿಟ್ಟರು.

"ಅರೆ, ಚಿತ್ರ ಕೂಡ್ಕೊಳ್ತಾ ಐತಲ್ಲ," ಎಂದರು. ಆಮೇಲೆ ಬಹಳ ಹೊತ್ತು ತಲೆ ಎತ್ತಲಿಲ್ಲ. "ಎರಡು ಸಲ ಬೆಂಕಿ ಕಾಣಿಸಿದ್ರಿ. ಎರಡು ಸಲವೂ ಬೇಗ ಸುಧಾರಿಸ್ಕೊಂತು. ನಮ್ಮ ಹುಡುಗ್ರು ಎಂಟರೊಳಗೆ ಮನೆಗೆ ಹೋಗ್ಬೇಕಮ್ಮ, ಜಾವದ ತನಕ ಯಾರು ಕಾಯ್ತಾರೆ? ಇಂಥದ್ದೇ ಮಾಡ್ಕೊಡು."

ಮಧುಶ್ರೀ ಹಾರಿಕೊಂಡು ಒಳಗೆ ಹೋಗಿ ಹೇಳಿದಳು. ಗೋಡೆ ಕಡೆ ತಿರುಗಿ ಮಲಗಿದ್ದ ಕರಿಬಸಮ್ಮನ ದನಿ ನನಗೆ ಅಂಗಳಕ್ಕೇ ಕೇಳಿಸಿತು: "ಯಾರಿಂದ ಆಯ್ತು ಅಂತ ನಿಮ್ಮಜ್ಜನಿಗೆ ಹೇಳು."

ಮೇಷ್ಟ್ರನ್ನು ಪಕ್ಕದ ಮನೆಯ ಹಾಲೇಶ ಬೈಕಿನಲ್ಲಿ ಕಡೂರಿಗೆ ಬಿಟ್ಟುಬಂದ. ನಾವು ಇರು ಅಂದರೂ ಕರಿಬಸಮ್ಮ ಇರಲಿಲ್ಲ. ಮರುದಿನ ಬೆಳಿಗ್ಗೆ ಲಿಂಗದಹಳ್ಳಿಗೆ ಹೊರಟುಹೋದಳು.