ಬೆಳ್ಳಗಾದ ಎಣ್ಣೆ

ಒಲೀನ್ ಎಂದರೆ ಇಷ್ಟೇ, ಕೊಬ್ಬಿನಲ್ಲಿ ಹರಿಯುವ ಭಾಗ. ಕಾರ್ಖಾನೆಯಲ್ಲಿ ತಾಳೆಯೆಣ್ಣೆಯನ್ನು ತಣ್ಣಗೆ ಮಾಡಿ ಹಿಂಡುತ್ತಾರೆ. ಗಟ್ಟಿಯಾಗಿ ಉಳಿದದ್ದು ಸೋಪಿಗೆ, ಹರಿದು ಬಂದದ್ದು ಬಾಣಲೆಗೆ. ಆದರೆ ಕೆಳಗಿನ ಊರುಗಳ ಸೆಕೆಯಲ್ಲಿ ಹರಿಯುವುದು ಡಿಯೆಂಗ್ ಬೆಟ್ಟದ ಚಳಿಯಲ್ಲೂ ಹರಿಯಲೇಬೇಕೆಂಬ ಕಾಯಿದೆ ಎಲ್ಲಿದೆ? ಇಷ್ಟು ಸಣ್ಣ ಮಾತು ತಲೆಗೆ ಹೋಗದ ಜನ ನನ್ನ ಗಂಡ ಸುಗಿತೊನನ್ನು ಬಡಿದರು.

ಸಮುದ್ರದ ಕಡೆಯಿಂದ ನಾವು ಬೆಟ್ಟ ಹತ್ತಿ ಬಂದ ಮೊದಲ ವರ್ಷ ಅದು. ಸುಗಿತೊ ಲಾರಿಯಲ್ಲಿ ಡಬ್ಬಗಟ್ಟಲೆ ಎಣ್ಣೆ ತರಿಸಿ ಸಂತೆಯಲ್ಲಿ ಮಾರುತ್ತಿದ್ದ. ಪಕ್ಕದಲ್ಲೇ ನಾನು ಸೋಯಾಕಾಳು ಹುದುಗಿಸಿ ಮಾಡಿದ ಟೆಂಪೆ ಕರಿಯುತ್ತಿದ್ದೆ. ಆ ಬೆಳಿಗ್ಗೆ ಆಲೂಗಡ್ಡೆ ಗಿಡಗಳ ಮೇಲೆ ಹಿಮ ಕೂತಿತ್ತು. ಡಬ್ಬದ ಮುಚ್ಚಳ ತೆಗೆದರೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಇಲ್ಲಿಯವರ ಮನೆಯಲ್ಲಿ ಎಣ್ಣೆ ಒಲೆಯ ಪಕ್ಕದಲ್ಲೇ ಇರುತ್ತದೆ, ಗಟ್ಟಿಯಾದದ್ದನ್ನು ಯಾರೂ ಕಂಡವರಲ್ಲ. ನಾವು ಬಂದ ಮೇಲೆ ವ್ಯಾಪಾರ ನೆಲಕಚ್ಚಿದ್ದ ಎದುರಂಗಡಿಯ ಎಣ್ಣೆ ವ್ಯಾಪಾರಿ ಕರ್ಸೊನೊ ಬಂದು ಬೆರಳು ಅದ್ದಿ ಮೂಸಿದ.

“ಹಂದಿ ಕೊಬ್ಬು,” ಎಂದ, ಇಡೀ ಸಂತೆಗೆ ಕೇಳುವ ಹಾಗೆ. “ಇಷ್ಟು ದಿನ ನಮ್ಮ ಮಕ್ಳಿಗೆ ಹರಾಮು, ಹಂದಿ ತಿನ್ಸಿದಾನೆ ಕಣ್ರೋ.”

“ಚಳಿಗೆ ಹೀಗಾಗಿದೆ ಅಣ್ಣಾ, ಇದು ಒಲೀನು,” ಎಂದ ಸುಗಿತೊ.

“ಓಹೋ, ಹಂದಿಗೆ ನಾಮಕರಣ ಬೇರೆ ಮಾಡಿದಾನೆ,” ಎಂದು ಒಬ್ಬ ನಕ್ಕ. ನಕ್ಕವನೇ ತೂಕದ ಕಲ್ಲೆತ್ತಿ ಸುಗಿತೊನ ದವಡೆಗೆ ಹೊಡೆದ. ಹಲ್ಲು ಉದುರಿದವು. ಆಮೇಲೆ ಗುದ್ದಲಿಯ ಕಾವು, ಪಕ್ಕೆಗೆ ಒದೆ, ತಲೆಗೆ ಇಟ್ಟಿಗೆ. ಹೊಡೆದವೆಲ್ಲ ನಿನ್ನೆಯವರೆಗೆ ನನ್ನ ಟೆಂಪೆ ತಿಂದ ಕೈಗಳೇ.

ನಾನು ಕೂಗಿದ್ದು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಓಡಿಹೋಗಿ ಕರ್ಸೊನೊನ ಜಗಲಿಯ ಮೇಲಿದ್ದ ಎಣ್ಣೆ ಸೀಸೆಗಳನ್ನು ತಂದು ಅವರ ನಡುವೆ ಒಡೆದೆ. ಬಿಳಿ ಗಡ್ಡೆಗಳು ನೆಲಕ್ಕೆ ಬಿದ್ದವು.

“ಇದೂ ಹಂದಿನಾ? ಹೇಳಿ ಈಗ.”

ನಾಚಿಕೆಪಟ್ಟು ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. “ಇವನೂ ಬೆರೆಸಿದಾನೆ,” ಎಂದು ಕರ್ಸೊನೊನನ್ನೂ ಕೆಡವಿ ತುಳಿಯತೊಡಗಿದರು. ಕಾಲುಗಳ ಅಡಿಯಿಂದ ಅವನು ಅರಚಿದ: “ಅದು ಒಲೀನು ಕಣ್ರಪ್ಪಾ. ಪ್ರತಿ ವರ್ಷ ಗಟ್ಟಿಯಾಗುತ್ತೆ, ನೀವು ಬರೋ ಮುಂಚೆ ಬಿಸಿನೀರಲ್ಲಿಟ್ಟು ಕರಗಿಸ್ತೀನಿ. ಇವತ್ತಿನ್ನೂ ಕರಗಿಸಿರ್ಲಿಲ್ಲ.”

ಗೊತ್ತಿತ್ತು ಆ ನಾಯಿಗೆ. ಮೊದಲಿನಿಂದಲೂ ಗೊತ್ತಿತ್ತು. ಸಾಯಲಿ ಅನ್ನಿಸಿತು ನನಗೆ.

ಸುಗಿತೊ ನನ್ನ ಬಟ್ಟೆಯ ಅಂಚು ಹಿಡಿದೆಳೆದ. ಅವನ ಬಾಯಿ ತುಂಬ ರಕ್ತ. “ಬಿಡ್ಸು ಅವನ್ನ, ರಸ್ತಿ. ಸಾಯಿಸ್ಬಿಡ್ತಾರೆ.”

ಅವನ ಮಾತು ಮೀರಲಾಗಲಿಲ್ಲ. ಒಲೆಯ ಮೇಲಿದ್ದ ಬಾಣಲೆಯನ್ನು ಎರಡೂ ಕೈಯಿಂದ ಎತ್ತಿ, ಕಾದ ಎಣ್ಣೆಯನ್ನು ಅವರ ಕಾಲುಗಳಿಗೆ ಎರಚಿದೆ. ನನ್ನ ಅಂಗೈಯೂ ಬೆಂದಿತು. ಅವರು ಕಿರುಚುತ್ತ ಚೆಲ್ಲಾಪಿಲ್ಲಿಯಾಗಿ ಓಡಿದರು. ಕರ್ಸೊನೊ ಉಸಿರಾಡುತ್ತಿದ್ದ. ತಿರುಗಿ ನೋಡಿದರೆ ಸುಗಿತೊ ಉಸಿರಾಡುತ್ತಿರಲಿಲ್ಲ.

ಈಗ ಸಂತೆಯಲ್ಲಿ ಎಣ್ಣೆ ಮಾರುವವನು ಕರ್ಸೊನೊ ಒಬ್ಬನೇ. ನಾನೂ ಅವನಿಂದಲೇ ಕೊಳ್ಳುತ್ತೇನೆ, ಹೊಟ್ಟೆ ಕೇಳಬೇಕಲ್ಲ. ಸೀಸೆ ಕೊಡುವಾಗ ಅವನು ನನ್ನ ಮುಖ ನೋಡುವುದಿಲ್ಲ. ನಾನು ಅವನ ಮುಖ ನೋಡುತ್ತೇನೆ, ಅವನು ಒಳಗೆ ಹೋಗುವವರೆಗೂ.