ಗೋಡೆಯಿಂದ ಸೂಜಿಯವರೆಗೆ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 7 ಗಂಟೆ 52 ನಿಮಿಷ. ಅತ್ತೆಯ ಟೋಕನ್ ಚೀಟಿಯ ಮೇಲೆ ಯಂತ್ರ ಅಚ್ಚು ಹಾಕಿದ ಸಮಯ ಅದು. ರಕ್ತ ತೆಗೆಯಲು ಅವರ ಎಡಗೈಗೆ ಸೂಜಿ ಚುಚ್ಚಿದ್ದು 8 ಗಂಟೆ 6 ನಿಮಿಷಕ್ಕೆ. ಹತ್ತಿಯ ತುಂಡನ್ನು ಒತ್ತಿ ಹಿಡಿದು, ಮೊಣಕೈ ಮಡಚಿಕೊಂಡು ಹೊರಗೆ ಬಂದ ಅತ್ತೆಗಾಗಿ ಸೊಸೆ ಬಾಗಿಲಲ್ಲೇ ಕಾದು ನಿಂತಿದ್ದಳು. ಬಿಳಿ ಕೋಟು, ಕೊರಳಲ್ಲಿ ಗುರುತಿನ ಚೀಟಿ, ಮುಖದ ತುಂಬ ಹೆಮ್ಮೆ. ಆಸ್ಪತ್ರೆಯ ರಕ್ತಪರೀಕ್ಷೆ ಪ್ರಯೋಗಾಲಯಕ್ಕೆ ಅವಳೇ ಮೇಲ್ವಿಚಾರಕಿ.

"ಹದಿನಾಲ್ಕೇ ನಿಮಿಷ ಅತ್ತೆ! ಹೋದ ವರ್ಷ ಎಷ್ಟಾಗ್ತಿತ್ತು ಗೊತ್ತಾ? ಸರಾಸರಿ ಮೂವತ್ತೆಂಟು."

"ಯಾರಿಗೇ ಹದಿನಾಲ್ಕು?"

"ನಿಮಗೇ. ಚೀಟಿ ನೋಡಿ."

"ಚೀಟಿಗೇನು ಹಸಿವಾಗುತ್ತಾ? ನಾನು ಆರೂ ಮುಕ್ಕಾಲಿಗೇ ಬಂದು ಆ ಗೋಡೆ ಮೇಲೆ ಕೂತೋಳು. ಹೊಟ್ಟೆ ತಾಳ ಹಾಕ್ತಿತ್ತು. ಕೂತೂ ಕೂತೂ ಸೊಂಟ ಹಿಡ್ಕೊಂಡುಬಿಡ್ತು."

"ಯಾವ ಗೋಡೆ?"

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಹತ್ತೊಂಬತ್ತು ವರ್ಷದಿಂದ ಇಲ್ಲೇ ದುಡೀತಿದೀಯ, ಯಾವ ಗೋಡೆ ಅಂತ ನನ್ನ ಕೇಳ್ತೀಯಲ್ಲೇ!"

ತಪ್ಪು ಪೂರ್ತಿ ಅವಳದೇ ಎನ್ನುವಂತಿರಲಿಲ್ಲ. ಪ್ರಯೋಗಾಲಯದವರು ಬರುವುದು ಹಿಂಬಾಗಿಲಿನಿಂದ. ಆರೂವರೆಗೆ ಒಳಗೆ ಸೇರಿದರೆ ಯಂತ್ರಗಳನ್ನು ಬೆಚ್ಚಗೆ ಮಾಡುವುದು, ಪರೀಕ್ಷಾ ದ್ರಾವಣಗಳನ್ನು ಹೊರಗೆ ತೆಗೆಯುವುದು, ಹಿಂದಿನ ದಿನದ ಫಲಿತಾಂಶಗಳಿಗೆ ಸಹಿ ಹಾಕುವುದು. ಮುಂಬಾಗಿಲಿನ ಆಚೆ ಬೆಳಿಗ್ಗೆ ಏನಿರುತ್ತದೆ ಎಂದು ನೋಡುವ ಪ್ರಮೇಯವೇ ಬಂದಿರಲಿಲ್ಲ. ಅತ್ತೆಯಾದರೂ ಹಿಂಬಾಗಿಲಿನಿಂದ ಬರಬಹುದಿತ್ತು. "ಸೊಸೆ ಇದಾಳೆ ಅಂತ ಕಳ್ಳನ ಹಾಗೆ ನುಗ್ಗೋಳಲ್ಲ ನಾನು" ಎಂದು ಹಟ ಹಿಡಿದು ಮುಂದಿನಿಂದಲೇ ಬಂದಿದ್ದರು.

ಅವಳು ಮುಂಬಾಗಿಲು ದಾಟಿ ಹೊರಗೆ ಹೋದಳು. ಗೋಡೆ ಇತ್ತು. ಮೊಣಕಾಲೆತ್ತರದ, ಸಿಮೆಂಟಿನ ಗೋಡೆ. ಅದರ ಮೇಲೆ ಸಾಲಾಗಿ ಜನರ ಫೈಲುಗಳು, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲು. ಫೈಲು ಮೊದಲಿದ್ದವರು ಸಾಲಿನಲ್ಲೂ ಮೊದಲು. ಅದು ಯಾರೂ ಬರೆದಿಡದ, ಯಾರೂ ಮುರಿಯದ ನಿಯಮ. ಫೈಲಿನ ಒಡೆಯರು ಆಚೀಚೆ ಕೂತು, ನಿಂತು, ಆಕಳಿಸುತ್ತಿದ್ದರು. ಎಣಿಸಿದಳು. ಇನ್ನೂ ಹದಿನೇಳು ಜನ. ಬಾಗಿಲ ಬಳಿ ಕಾವಲುಗಾರ ಕೈ ಅಡ್ಡ ಹಿಡಿದು ನಿಂತಿದ್ದ. ಒಳಗೆ ಹನ್ನೆರಡು ಕುರ್ಚಿ. ಕುರ್ಚಿ ಖಾಲಿಯಾದಷ್ಟೇ ಜನರನ್ನು ಬಿಡಬೇಕು, ಒಳಗೆ ಬಂದ ಮೇಲೆಯೇ ಟೋಕನ್ ಕೊಡಬೇಕು. ಹಾಗೆಂದು ಆದೇಶ ಬರೆದು ಅವನ ಕೈಗೆ ಕೊಟ್ಟವಳು ಅವಳೇ, ಜನವರಿಯಲ್ಲಿ.

ಅವಳ ಸುಧಾರಣೆ ಕಾಯುವಿಕೆಯನ್ನು ಕಡಿಮೆ ಮಾಡಿರಲಿಲ್ಲ. ಒಳಗಿದ್ದದ್ದನ್ನು ಗುಡಿಸಿ ಹೊರಗೆ ಹಾಕಿತ್ತು, ಅಷ್ಟೇ.

ಇದು ಬರೀ ಕೆಲಸದ ಮಾತಾಗಿದ್ದರೆ ನಾಲಿಗೆ ಕಚ್ಚಿಕೊಂಡು ಸರಿಮಾಡಬಹುದಿತ್ತು. ಆದರೆ ಅವಳು ಎರಡು ವರ್ಷದಿಂದ ಸಂಜೆ ತರಗತಿಗಳಲ್ಲಿ ಎಂಬಿಎ ಓದುತ್ತಿದ್ದಳು. ನಲವತ್ತನಾಲ್ಕನೇ ವಯಸ್ಸಿಗೆ, ತನ್ನ ಅರ್ಧ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು, 'ಆಂಟಿ, ನೋಟ್ಸ್ ಕೊಡ್ತೀರಾ' ಅನ್ನಿಸಿಕೊಂಡು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟು ಇದೇ: ರಕ್ತ ತೆಗೆಯುವ ಕೋಣೆಯಲ್ಲಿ ಕಾಯುವ ಸಮಯವನ್ನು ಮೂವತ್ತೆಂಟರಿಂದ ಹತ್ತೊಂಬತ್ತು ನಿಮಿಷಕ್ಕೆ ಇಳಿಸಿದ್ದು. ವರದಿ ಬೈಂಡಿಂಗಿಗೆ ಹೋಗುವುದೊಂದೇ ಬಾಕಿ. ಕೊಡಲು ಕೊನೆಯ ದಿನ ಮಾರ್ಚ್ 26. ಜೂನಿನಲ್ಲಿ ಆಸ್ಪತ್ರೆಯ ಆಡಳಿತಾಧಿಕಾರಿ ನಿವೃತ್ತರಾಗುತ್ತಿದ್ದರು. ಅಷ್ಟರೊಳಗೆ ಪದವಿ ಕೈಯಲ್ಲಿದ್ದರೆ ಆ ಕುರ್ಚಿ ಅವಳದು, ಇಲ್ಲದಿದ್ದರೆ ಬೇರೆಯವರದು. ಮುಖ್ಯ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ರಕ್ತ ತೆಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿ ಇಪ್ಪತ್ತೇಳು ವರ್ಷದಿಂದ ಸೂಜಿ ಹಿಡಿದ ಹಿರಿಯ ತಂತ್ರಜ್ಞೆ ಮೇಜು ಒರೆಸುತ್ತಿದ್ದರು. ಚುಚ್ಚಿದ್ದೇ ಗೊತ್ತಾಗದ ಹಾಗೆ ರಕ್ತ ತೆಗೆಯುವ ಅವರಿಗೆ ಇಡೀ ಆಸ್ಪತ್ರೆ ಪ್ರೀತಿಯಿಂದ ಇಟ್ಟ ಹೆಸರು ಸೊಳ್ಳೆಯಕ್ಕ.

"ಸೊಳ್ಳೆಯಕ್ಕ, ಹೊರಗೆ ಗೋಡೆ ಹತ್ರ ಜನ ಒಂದೊಂದು ಗಂಟೆ ಕಾಯ್ತಾರೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು ಮೇಡಂ? ಜನವರಿಯಿಂದ ಬರೋರ ಕೈಯೆಲ್ಲ ತಣ್ಣಗೆ ಕೊರೀತಿರುತ್ತೆ. ನರ ಒಳಗೆ ಹೋಗಿ ಅಡಗಿರುತ್ತೆ. ಉಜ್ಜಿ ಉಜ್ಜಿ ಕರೀಬೇಕು."

"ಹೇಳ್ಬಾರ್ದಿತ್ತಾ?"

"ನೀವು ಸ್ಟಾಪ್‌ವಾಚ್ ಹಿಡ್ಕೊಂಡು ನನ್ನ ನೆತ್ತಿ ಮೇಲೆ ನಿಂತಿದ್ರಿ. ಸೂಜಿಗೆ ಎಷ್ಟು ಹೊತ್ತು ಅಂತ ಕೇಳಿದ್ರಿ, ಹೇಳ್ದೆ. ಗೋಡೆ ವಿಷಯ ಕೇಳಿದ್ರಾ?"

ಕೇಳಿರಲಿಲ್ಲ. ತೂಕದ ಯಂತ್ರದ ಮೇಲೆ ಖಾಲಿ ಪಾತ್ರೆ ಇಟ್ಟು, ಗುಂಡಿ ಒತ್ತಿ, ಸೊನ್ನೆ ತೋರಿಸಿದ ಮೇಲೆಯೇ ತೂಗುವುದು ಅವಳ ಕೈಗೆ ಅಂಟಿದ ಅಭ್ಯಾಸ. ಯಂತ್ರ ಸೊನ್ನೆ ಎಂದರೆ ಸೊನ್ನೆ. ಪಾತ್ರೆಯ ಭಾರವನ್ನು ಆಮೇಲೆ ಯಾರೂ ನೆನೆಯುವುದಿಲ್ಲ. ಟೋಕನ್ ಯಂತ್ರ ಅಚ್ಚು ಹಾಕಿದ ಸಮಯವನ್ನು ಅವಳು ಹಾಗೆಯೇ ಸೊನ್ನೆ ಮಾಡಿಕೊಂಡಿದ್ದಳು. ವಿಜ್ಞಾನ ಓದದವರು ಬಹುಶಃ ಈ ತಪ್ಪು ಮಾಡುತ್ತಿರಲಿಲ್ಲ. ಹೊರಗೆ ಹೋಗಿ ಒಮ್ಮೆ ಇಣುಕುತ್ತಿದ್ದರು.

ಸಂಜೆ ಊಟದ ಮೇಜಿನ ಮೇಲೆ ವರದಿಯ ಹಾಳೆಗಳನ್ನು ಹರಡಿಕೊಂಡು ಕೂತಾಗ ಗಂಡ ಎದುರಿನ ಕುರ್ಚಿ ಎಳೆದುಕೊಂಡ. ಅವನು ಕೃತಕ ಹಲ್ಲು ತಯಾರಿಸುವ ಕುಶಲಕರ್ಮಿ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮೊದಲಿಂದ ಮಾಡುವವನು.

"ಈಗ ಏನು ಮಾಡ್ತೀಯ?"

"ಗೊತ್ತಿಲ್ಲ ರೀ. ಇದರಲ್ಲಿ ಒಂದು ಅಂಕಿನೂ ಸುಳ್ಳಲ್ಲ. ಹಾಗೇ ಕೊಟ್ರೆ ಪಾಸ್."

"ಅಚ್ಚು ಸರಿಯಾಗಿರುತ್ತೆ, ಹಲ್ಲು ಸರಿಯಾಗಿರುತ್ತೆ, ಬಾಯಿ ಮಾತ್ರ ಬೇರೆಯವರದು. ಹಾಗಾಯ್ತು."

"ಅಳೀಬೇಕು ಅಂದ್ರೆ ಬೆಳಿಗ್ಗೆ ಗೋಡೆ ಹತ್ರ ಯಾರಾದ್ರೂ ಇರಬೇಕು. ನಾನಂತೂ ಒಳಗಿರ್ತೀನಿ."

ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು. "ನಾನೇನು ಸತ್ತುಹೋಗಿದೀನಾ?"

ಮರುದಿನ ಆರೂಕಾಲಿಗೇ ಅತ್ತೆ ಹೊರಟು ನಿಂತರು. ಕೈಯಲ್ಲಿ ಗೆರೆ ಹಾಕಿದ ನೋಟ್‌ಬುಕ್ಕು, ಎರಡು ಪೆನ್ನು, ಕೂರಲು ದಿಂಬು. ಆಸ್ಪತ್ರೆ ತಲುಪಿದ ಮೇಲೆ ಸೊಸೆ ಅವರ ಕೈಗಡಿಯಾರವನ್ನು ಟೋಕನ್ ಯಂತ್ರದ ಸಮಯಕ್ಕೆ ಸರಿಹೊಂದಿಸಿದಳು. ಬಂದವರ ಫೈಲಿನ ಸಂಖ್ಯೆ, ಬಂದ ಸಮಯ, ಇವೆರಡೇ ಬರೆಯಬೇಕು, ಬೇರೇನೂ ಬೇಡ ಎಂದು ಮೂರು ಸಲ ಹೇಳಿದಳು.

ಮೂರು ದಿನದ ಕೊನೆಗೆ ಪುಸ್ತಕ ತೆರೆದರೆ ಇನ್ನೂರ ಅರವತ್ತೇಳು ಜನರ ಸಮಯ ಒಂದೂ ತಪ್ಪದೆ ಇತ್ತು. ಜೊತೆಗೆ ಬೇರೆಯದೂ ಇತ್ತು. '6.40, ಮಂಡಿ ನೋವು, ಮಗಳು ಫೋನೇ ಮಾಡಲ್ವಂತೆ.' '6.55, ಬಾಯಿ ಬಡುಕ.' '7.10, ಪಾಪ, ನಿನ್ನೆಯೂ ಬಂದು ವಾಪಸ್ ಹೋಗಿದ್ರು.'

"ಅತ್ತೆ, ಇದೆಲ್ಲ ಯಾಕೆ?"

"ಮನುಷ್ಯರನ್ನ ಬರೀ ನಂಬರ್ ಕೇಳಿದ್ರೆ ಮುಖ ತಿರುಗಿಸ್ತಾರೆ ಕಣೇ. ಎರಡು ಮಾತಾಡಿದ್ರೆ ಸೆಕೆಂಡನ್ನೂ ಹೇಳ್ತಾರೆ."

ಗೋಡೆಯಿಂದ ಸೂಜಿಯವರೆಗೆ ಸರಾಸರಿ ಅರವತ್ತನಾಲ್ಕು ನಿಮಿಷ. ಅವಳು ಎರಡು ಸಲ ಕೂಡಿ, ಎರಡು ಸಲ ಭಾಗಿಸಿದಳು. ಅಂಕಿ ಅಲುಗಾಡಲಿಲ್ಲ.

ಶನಿವಾರ ತರಗತಿ ಮುಗಿದ ಮೇಲೆ ಪ್ರಾಧ್ಯಾಪಕರ ಕೋಣೆಗೆ ಹೋಗಿ ಎಲ್ಲವನ್ನೂ ಮೇಜಿನ ಮೇಲಿಟ್ಟಳು. ಅವರು ಕನ್ನಡಕವನ್ನು ಹಣೆಗೇರಿಸಿ ಅತ್ತೆಯ ಪುಸ್ತಕವನ್ನು ಬಹಳ ಹೊತ್ತು ಓದಿದರು. ನಡುವೆ ಒಂದೆರಡು ಸಲ ನಕ್ಕರು.

"ಅಮ್ಮಾ, ಹಳೇ ವರದಿ ಕೊಟ್ರೆ ಪಾಸಾಗ್ತೀರಿ. ನನ್ನ ಬಿಟ್ಟು ಯಾರಿಗೂ ಗೊತ್ತಾಗಲ್ಲ. ಹೊಸದು ಮಾಡ್ತೀನಿ ಅಂದ್ರೆ ಹನ್ನೊಂದು ದಿನ ಇದೆ. ಗಡುವು ಒಂದು ದಿನಾನೂ ಮುಂದಕ್ಕೆ ಹೋಗಲ್ಲ. ಅಷ್ಟರಲ್ಲಿ ಕಾಯೋದು ಇಳಿಯದಿದ್ರೆ ಮುಂದಿನ ವರ್ಷ ಮತ್ತೆ ಬರಬೇಕು. ಯೋಚನೆ ಮಾಡಿ."

"ನಿಮಗೆ ಗೊತ್ತಾಯ್ತಲ್ಲ ಸರ್" ಎಂದಳು ಅವಳು. "ನಮ್ಮತ್ತೆಗಂತೂ ಮೊದಲೇ ಗೊತ್ತು. ಅವರ ಜೊತೆ ಒಂದೇ ಮನೇಲಿ ಬಾಳಬೇಕು ನಾನು."

ದಾರಿಯುದ್ದಕ್ಕೂ ಅವಳಿಗೆ ಎದೆ ಹಗುರವಾಗಿತ್ತು, ಯಾಕೆಂದು ಅವಳಿಗೇ ತಿಳಿಯಲಿಲ್ಲ. ಕಳೆದುಕೊಳ್ಳಲು ಒಂದು ವರ್ಷವಿತ್ತು, ಜೂನಿನ ಕುರ್ಚಿಯಿತ್ತು. ಆದರೂ ಎರಡು ವರ್ಷದಲ್ಲಿ ಓದಿದ್ದು ಮೊದಲ ಸಲ ಕೈಗೆ ಹತ್ತಿದಂತಿತ್ತು.

ಜನ ಬೇಗ ಬರುವುದು ಬೇಗ ಬಂದವರಿಗೆ ಬೇಗ ಆಗುತ್ತದೆ ಎಂದು. ಹಾಗಿದ್ದರೆ ಬೇಗ ಬರುವುದರಿಂದ ಏನೂ ಲಾಭವಿಲ್ಲದಂತೆ ಮಾಡಬೇಕು. ಏಳರಿಂದ ಹತ್ತರವರೆಗೆ ಕಾಲು ಗಂಟೆಗೊಂದು ಗುಂಪು, ಗುಂಪಿಗೆ ಎಂಟು ಜನ. ಹಿಂದಿನ ದಿನ ವೈದ್ಯರು ಪರೀಕ್ಷೆ ಬರೆದುಕೊಡುವಾಗಲೇ ಆ ಸಮಯವನ್ನು ಕೆಂಪು ಪೆನ್ನಿನಲ್ಲಿ ಚೀಟಿಯ ಮೇಲೆ ಬರೆಯುವುದು. ಸೋಮವಾರ ಚೀಟಿ ಬರೆದರು, ಮಂಗಳವಾರ ಬೆಳಿಗ್ಗೆ ಜಾರಿಗೆ ಬಂತು.

ಮಂಗಳವಾರ ಆರೂವರೆಗೆ ಗೋಡೆ ತುಂಬಿ ತುಳುಕುತ್ತಿತ್ತು. ಯಾರೂ ಚೀಟಿಯನ್ನು ನಂಬಿರಲಿಲ್ಲ.

"ನಿಮ್ಮದು ಒಂಬತ್ತಕ್ಕಲ್ವಾ? ಈಗ್ಯಾಕೆ ಬಂದ್ರಿ?" ಅತ್ತೆ ನಿವೃತ್ತ ಮೇಷ್ಟ್ರೊಬ್ಬರನ್ನು ತರಾಟೆಗೆ ತೆಗೆದುಕೊಂಡರು.

"ಬರೀತಾರೆ ತಾಯಿ, ಎಲ್ಲಾ ಬರೀತಾರೆ. ಕೊನೆಗೆ ಫೈಲು ಮುಂದಿದ್ದವನೇ ಗೆಲ್ಲೋದು."

"ನಿಮ್ಮ ಫೈಲಿನ ಮೇಲೆ ಬಂಡೆ ಇಟ್ರೂ ಒಂಬತ್ತಕ್ಕೇ. ಮನೆಗೆ ಹೋಗಿ ಮಲಗಿ. ಒಂಬತ್ತೂಕಾಲಿನೊಳಗೆ ಸೂಜಿ ಚುಚ್ಚದಿದ್ರೆ ನನ್ನ ಹೆಸರು ಬದಲಾಯಿಸಿ."

ಮೇಷ್ಟ್ರು ಹೋಗಲಿಲ್ಲ. ಆದರೆ ಒಂಬತ್ತು ಗಂಟೆ ಎಂಟು ನಿಮಿಷಕ್ಕೆ ಅವರ ತೋಳಿಗೆ ಸೂಜಿ ಚುಚ್ಚಿತು. ಹೊರಗೆ ಬಂದವರು ಗೋಡೆಯ ಮೇಲಿದ್ದವರಿಗೆಲ್ಲ ಅದನ್ನು ಕೂಗಿ ಹೇಳಿದರು, ತರಗತಿಗೆ ಪಾಠ ಒಪ್ಪಿಸಿದಂತೆ.

ಮೊದಲ ದಿನ ಐವತ್ತೆಂಟು ನಿಮಿಷ. ಬುಧವಾರ ನಲವತ್ತೇಳು. ಗುರುವಾರ ಮೂವತ್ತೊಂಬತ್ತು. ಶುಕ್ರವಾರ ಮೂವತ್ತೊಂದಾದಾಗ ಸೊಳ್ಳೆಯಕ್ಕ ಅವಳನ್ನು ಕರೆದು, "ಮೇಡಂ, ಇವತ್ತು ಕೈಗಳು ಬೆಚ್ಚಗಿವೆ" ಎಂದರು. ಅದನ್ನು ಯಾವ ಕೋಷ್ಟಕದಲ್ಲಿ ಹಾಕಬೇಕೆಂದು ತಿಳಿಯದೆ ಅವಳು ಅಡಿಟಿಪ್ಪಣಿಯಲ್ಲಿ ಬರೆದುಕೊಂಡಳು. ಶನಿವಾರ ಇಪ್ಪತ್ತೇಳು, ಸೋಮವಾರ ಇಪ್ಪತ್ತೈದು, ಮಂಗಳವಾರ ಇಪ್ಪತ್ತಾರು. ಅಲ್ಲಿಗೆ ಬಂದು ನಿಂತಿತು. ವರದಿ ಬುಧವಾರ ಮಧ್ಯಾಹ್ನ ಬೈಂಡಿಂಗಾಗಿ, ಅಂಟಿನ ವಾಸನೆಯ ಸಮೇತ ಪ್ರಾಧ್ಯಾಪಕರ ಮೇಜು ಸೇರಿತು.

ಶುಕ್ರವಾರ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ದೊಡ್ಡ ಕಾರ್ಖಾನೆಯೊಂದರ ಉತ್ಪಾದನಾ ಮುಖ್ಯಸ್ಥರು. ನಗುವ ಅಭ್ಯಾಸ ಇದ್ದಂತಿರಲಿಲ್ಲ. ಅವಳು ಮೊದಲೇ ಕೊಟ್ಟಿದ್ದ ಮಧ್ಯಂತರ ವರದಿ, ಕೊನೆಯ ವರದಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರು.

"ಡಿಸೆಂಬರಿನಿಂದ ಫೆಬ್ರವರಿಗೆ ಹತ್ತೊಂಬತ್ತಕ್ಕೆ ಬಂದಿದ್ರಿ. ಈಗ ಇಪ್ಪತ್ತಾರು. ಹಿಂದಕ್ಕೆ ಹೋದ್ರಲ್ಲ?"

"ಅಳತೆ ಶುರುವಾಗೋ ಜಾಗ ಬದಲಾಯ್ತು ಸರ್. ಮೊದಲು ಬಾಗಿಲೊಳಗೆ ಶುರು ಮಾಡಿದ್ದೆ. ಜನ ಕಾಯೋಕೆ ಶುರು ಮಾಡೋದು ಗೋಡೆ ಹತ್ರ. ಅಲ್ಲಿಂದ ಅಳೆದ್ರೆ ನನ್ನ ಹತ್ತೊಂಬತ್ತು ನಿಜವಾಗಿ ಅರವತ್ತನಾಲ್ಕು."

"ಸುಧಾರಣೆಗೆ ಮುಂಚೆ, ಗೋಡೆಯಿಂದ ಎಷ್ಟಿತ್ತು?"

"ಗೊತ್ತಿಲ್ಲ ಸರ್. ಆಗ ಅಳೆಯಲಿಲ್ಲ. ಎಂಟನೇ ಪುಟದಲ್ಲಿ ಹಾಗೇ ಬರೆದಿದೀನಿ."

ಅವರು ಎಂಟನೇ ಪುಟ ತೆಗೆದು ನೋಡಿದರು. 'ಗೊತ್ತಿಲ್ಲ' ಎಂಬ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು.

"ಹೊರಗಿನ ಸಮಯ ಬರೆದುಕೊಂಡವರು ಯಾರು?"

"ನಮ್ಮತ್ತೆ."

ಪ್ರಾಧ್ಯಾಪಕರು ಕೆಮ್ಮಿದರು. ಪರೀಕ್ಷಕರು ತಲೆಯೆತ್ತಿದರು. "ಅವರ ಗಡಿಯಾರ ನಂಬಬಹುದಾ?"

"ದಿನಾ ಬೆಳಿಗ್ಗೆ ಯಂತ್ರದ ಜೊತೆ ಹೋಲಿಸಿದೀನಿ ಸರ್. ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ ಬೀಳುತ್ತೆ. ತಿದ್ದುವಷ್ಟಿಲ್ಲ."

ಅವರು ವರದಿ ಮುಚ್ಚಿದರು. "ನಮ್ಮ ಗೇಟಿನ ಹೊರಗೆ ದಿನಾ ಲಾರಿಗಳು ಸಾಲುಗಟ್ಟಿ ನಿಂತಿರ್ತವೆ. ನಮ್ಮ ಲೆಕ್ಕ ಶುರುವಾಗೋದು ಗೇಟಿನ ಒಳಗಿಂದ" ಎಂದು ಪೆನ್ಸಿಲನ್ನು ಜೇಬಿಗಿಟ್ಟು, "ನಿಮ್ಮತ್ತೆ ಬಿಡುವಾಗಿರ್ತಾರಾ?" ಎಂದರು.

ಏಪ್ರಿಲ್ 9ರಂದು ಫಲಿತಾಂಶ ಬಂತು. ಪಾಸಾಗಿದ್ದಳು. ಪ್ರಾಜೆಕ್ಟಿನಲ್ಲಿ ತರಗತಿಗೆ ಎರಡನೆಯವಳು. ಗಂಡ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, ಅಚ್ಚು ನೋಡುವ ಹಾಗೆ ನೋಡಿ, "ಕೂತಿದೆ" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆಯಿಲ್ಲ.

ಮುಖ್ಯ ವೈದ್ಯರು ಜೂನಿನ ನೇಮಕದ ಪತ್ರ ಕೊಡುತ್ತಾ, ಕಾಯುವ ಸಮಯವನ್ನು ಮುಂಬಾಗಿಲಲ್ಲಿ ಫಲಕದ ಮೇಲೆ ಬರೆಸಿ ಎಂದರು. ಅವಳು ವರದಿಯ ಅಂಕಿ ಬರೆಯಲು ಒಪ್ಪಲಿಲ್ಲ. ಅದು ಹೋದ ತಿಂಗಳಿನದು. ಅತ್ತೆ ಮತ್ತೆ ಆರು ದಿನ ದಿಂಬು ಹಿಡಿದು ಹೋದರು. ಬರೆಯುವಾಗ ಪಕ್ಕದಲ್ಲೇ ನಿಂತು ತಕರಾರು ತೆಗೆದರು.

"ಆಚೀಚೆ ಅಂತ ಯಾಕೆ ಸೇರಿಸ್ತೀಯ? ಧೈರ್ಯವಾಗಿ ಒಂದೇ ಅಂಕಿ ಬರಿ."

"ಅದನ್ನ ಸೇರಿಸೋದೇ ಧೈರ್ಯ ಅತ್ತೆ."

"ಏನೋ ಕಣಮ್ಮ, ಓದಿದೋಳು ನೀನು" ಎಂದು ಅತ್ತೆ ಫಲಕದ ಒಂದು ತುದಿ ಹಿಡಿದುಕೊಂಡರು. ಅವಳು ಮೊಳೆ ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು ಓದಿದಳು: ನೀವು ಇಲ್ಲಿಗೆ ಬಂದ ಕ್ಷಣದಿಂದ ರಕ್ತ ತೆಗೆಯುವವರೆಗೆ ಸರಾಸರಿ 23 ನಿಮಿಷ, 2 ನಿಮಿಷ ಆಚೀಚೆ.