ಉಪ್ಪು ಬಿದ್ದ ಮಡಿಯ ಕೆಂಪು ಪಲ್ಲೆ

ಬೆಳಗಿನ ಇಬ್ಬನಿಯಲ್ಲಿ ಕಿತ್ತ ಮೆಂತ್ಯಪಲ್ಲೆಗೆ ಒಂದು ವಾಸನೆ ಇರುತ್ತದೆ. ಬೇರಿಗೆ ಅಂಟಿದ ಹಸಿ ಎರೆಮಣ್ಣಿನದು ಸ್ವಲ್ಪ, ಎಲೆಯ ಕಹಿಯದು ಸ್ವಲ್ಪ. ನಾನು ಚಿಕ್ಕವಳಿದ್ದಾಗ ಅವ್ವ ಅದನ್ನು ಸೆರಗಿನಲ್ಲಿ ಕಟ್ಟಿ ತಂದು ಅಡುಗೆಮನೆಯ ನೆಲಕ್ಕೆ ಸುರುವುತ್ತಿದ್ದಳು. ಮದುವೆಯಾಗಿ ಗೋವಾಕ್ಕೆ ಬಂದು, ವಾಸ್ಕೋದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ, ಈಗ ಝುವಾರಿನಗರದ ಎರಡು ಕೋಣೆಯ ಮನೆಯಲ್ಲಿರುವ ನಾನು ಆ ವಾಸನೆಯನ್ನು ಮರೆತೇಬಿಟ್ಟಿದ್ದೆ. ನಮ್ಮ ಓಣಿಗೆ ಬರುವ ಪಲ್ಲೆಗೆ ಗೋಣಿಚೀಲದ ವಾಸನೆ. ಬೆಳಗಾವಿಯಲ್ಲಿ ಲಾರಿ ಹತ್ತಿ, ಘಟ್ಟ ಇಳಿದು ಇಲ್ಲಿ ಮುಟ್ಟುವಷ್ಟರಲ್ಲಿ ಅದಕ್ಕೆ ಎರಡು ದಿನ ವಯಸ್ಸಾಗಿರುತ್ತದೆ.

ಎರಡು ಮಳೆಗಾಲದ ಹಿಂದೆ ಘಟ್ಟದ ರಸ್ತೆ ಕುಸಿದು ಐದು ದಿನ ಲಾರಿಯೇ ಬರಲಿಲ್ಲ. ಇದ್ದ ಒಣಗಿದ ಪಲ್ಲೆಗೆ ಅಂಗಡಿಯವರು ಹೇಳಿದ್ದೇ ಬೆಲೆ. ಅಂಗನವಾಡಿಯ ಮಕ್ಕಳಿಗೆ ಅರಿಸಿನದ ಬೇಳೆನೀರು ಬಿಟ್ಟು ಬೇರೇನೂ ಇರಲಿಲ್ಲ. ಅಂಗನವಾಡಿ ನಡೆಸುವ ಮೀನಾಕ್ಷಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಬಂದು ನನ್ನ ಹೊಸ್ತಿಲ ಮೇಲೆ ಕೂತಳು.

"ಸುತ್ತ ಇಷ್ಟು ಹಸಿರು ಐತಿ, ಅಕ್ಕೋರ. ನಮ್ಮ ಹುಡುಗರ ತಾಟಿನಾಗ ಮಾತ್ರ ಒಂದು ಎಲಿ ಇಲ್ಲ."

ಹಾಗೆಂದು ಸುಮ್ಮನಾಗುವ ಹುಡುಗಿಯಲ್ಲ ಅವಳು. ದಸರೆಯ ಹೊತ್ತಿಗೆ ಕೃಷಿ ಕಚೇರಿಗೆ ನಾಲ್ಕು ಸಲ ಅಲೆದು ಒಂದು ತುಂಡು ನೆಲ ಹುಡುಕಿಕೊಂಡು ಬಂದಳು. ನದಿಯ ಉಪ್ಪುನೀರನ್ನು ಏರಿ ಕಟ್ಟಿ ತಡೆದು ಮಾಡಿದ ತಗ್ಗು ಗದ್ದೆಗಳಿಗೆ ಇಲ್ಲಿ ಖಾಜಾನ್ ಎನ್ನುತ್ತಾರೆ. ಅಂಥ ಗದ್ದೆಯೊಂದರ ಅಂಚಿಗೆ, ಸ್ವಲ್ಪ ಎತ್ತರದಲ್ಲಿ, ಪಿಯೆದಾದ್ ಬಾಯಿ ಎಂಬ ಹಿರಿಯ ಹೆಂಗಸಿನ ನೆಲ ಏಳು ವರ್ಷದಿಂದ ಬೀಳು ಬಿದ್ದಿತ್ತು. ಉಳಲು ಆಳು ಸಿಗುತ್ತಿರಲಿಲ್ಲ. ಪರರಿಗೆ ಕೊಟ್ಟರೆ ನೆಲವೇ ಕೈತಪ್ಪೀತೆಂಬ ಹೆದರಿಕೆ ಬೇರೆ.

ಮೀನಾಕ್ಷಿ ಆ ಹೆದರಿಕೆಯನ್ನು ನಕ್ಕು ತಳ್ಳಿಹಾಕಲಿಲ್ಲ. ಊರ ಪಂಚರನ್ನು ಕೂರಿಸಿ, ಕೃಷಿ ಕಚೇರಿಯವರನ್ನು ಕರೆಸಿ, ಕೊಂಕಣಿಯಲ್ಲೂ ಕನ್ನಡದಲ್ಲೂ ಒಂದು ಕಾಗದ ಬರೆಸಿದಳು. ನೆಲ ಪಿಯೆದಾದ್ ಬಾಯಿಯದು, ದುಡಿಮೆ ನಮ್ಮ ಮಹಿಳಾ ಸಂಘದ್ದು. ಬೆಳೆದದ್ದರಲ್ಲಿ ಮೊದಲ ಪಾಲು ಬಾಯಿಗೆ, ಆಮೇಲೆ ಅಂಗನವಾಡಿಗೆ, ಉಳಿದದ್ದು ಸಂಘದ ಮನೆಗಳಿಗೆ. ಕಾಗದ ಒಂದು ಸುಗ್ಗಿಗೆ ಮಾತ್ರ. ಒಪ್ಪಿಗೆಯಾದರೆ ಮತ್ತೊಂದು ಕಾಗದ. ವಾಸ್ಕೋದ ಬಾಯ್ನಾ ಓಣಿಯಲ್ಲಿ ಮೀನು ಮಾರುವ ಖಾತುನ ಮೀನಿನ ತಲೆ, ಈಜುರೆಕ್ಕೆ ಕೂಡಿಸಿ ಕೊಡುತ್ತೇನೆಂದಳು. ಮಣ್ಣಿನಲ್ಲಿ ಕೊಳೆಯಿಸಿದರೆ ಅದೇ ಗೊಬ್ಬರ.

ಸಂಘದಲ್ಲಿ ಮೊದಲು ಕೈ ಎತ್ತಿದವಳು ಹುಲಿಗೆಮ್ಮ. ಸವದತ್ತಿ ಕಡೆಯವಳು. ಅವಳ ಮಗಳು ಮೀನಾಕ್ಷಿಯ ಅಂಗನವಾಡಿಗೇ ಹೋಗುತ್ತಾಳೆ. ಗಂಡ ಗಂಗಪ್ಪ ಕಾರ್ಖಾನೆಗಳ ಕಡೆ ಲೋಡಿಂಗ್ ಕೆಲಸದವನು. ಅವನಿಗೆ ಇದು ಚೂರೂ ಹಿಡಿಸಲಿಲ್ಲ. ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗಲೇ ಸುರುಮಾಡಿದ.

"ಮಣ್ಣ ಬಿಟ್ಟು ಬಂದೀವಿ. ಇಲ್ಲಿ ಬಂದೂ ಮಣ್ಣ ಕೆದರಬೇಕೇನು? ಅದೂ ಮಂದಿ ಮಣ್ಣ."

ಹುಲಿಗೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮಣ್ಣ ಮಂದೀದು. ಹೊಟ್ಟಿ ನಮ್ಮದೈತಲ್ಲ."

"ಬೆಳದು ನಿಂತ ಮ್ಯಾಲೆ ನಡೀರಿ ಅಂತಾರ, ನೋಡ್ತಿರು. ನಾವು ಎಷ್ಟ ವರ್ಷ ಇದ್ರೂ ಇವರಿಗೆ ಘಾಟಿಗಳೇ."

ಘಟ್ಟದ ಮೇಲಿಂದ ಬಂದವರನ್ನು ಇಲ್ಲಿ ಕೆಲವರು ಹಾಗೆ ಕರೆಯುತ್ತಾರೆ. ಅದರಲ್ಲಿರುವ ಕೊಂಕು ಕೇಳಿದವರಿಗೇ ಗೊತ್ತು. ಹುಲಿಗೆಮ್ಮ ರೊಟ್ಟಿ ತಿರುವಿ ಹಾಕುತ್ತ, ಹೋಗು ಅಂದಾಗ ಹೋಗುವುದೋ ಬಿಡುವುದೋ ನೋಡೋಣ, ಮೊದಲು ಬೀಜ ಹಾಕೋಣ ಎಂದಳು.

ಹನ್ನೊಂದು ಮಡಿ ಮಾಡಿದೆವು. ಮೆಂತ್ಯ, ಮೂಲಂಗಿ, ಬದನೆ. ಬಾಯಿಯ ಬಾವಿಯಿಂದ ಕೊಡ ಹೊತ್ತು ನೀರು ಹಾಕುತ್ತಿದ್ದೆವು. ಮೆಂತ್ಯ ನಾಲ್ಕು ಬೆರಳು ಎತ್ತರವಾದ ದಿನ ನಾನು ಒಂದು ಗಿಡ ಕಿತ್ತು ಮೂಗಿಗೆ ಹಿಡಿದೆ. ಅದೇ ವಾಸನೆ.

ಆ ವಾರವೇ ತಪ್ಪು ನಡೆಯಿತು. ಅಂಥ ತಪ್ಪನ್ನು ನಮ್ಮ ಕಡೆಯವರೇ ಮಾಡಬೇಕು. ಬಯಲುಸೀಮೆಯಲ್ಲಿ ಕಾಲುವೆಗೆ ನೀರು ಬಂತೆಂದರೆ ಉಣ್ಣುವ ತಾಟು ಬಿಟ್ಟು ಓಡುತ್ತಾರೆ. ಬಂದ ನೀರನ್ನು ಹೊಲಕ್ಕೆ ತಿರುಗಿಸದವರು ಅಲ್ಲಿ ದಡ್ಡರು. ಒಂದು ಮಧ್ಯಾಹ್ನ ಹುಲಿಗೆಮ್ಮ ಒಬ್ಬಳೇ ಗದ್ದೆಯಲ್ಲಿದ್ದಳು. ಪಕ್ಕದ ಕಾಲುವೆ ಇದ್ದಕ್ಕಿದ್ದಂತೆ ತುಂಬಿ ಹರಿಯತೊಡಗಿತು. ಮಳೆಯಿಲ್ಲ, ಮೋಡವಿಲ್ಲ, ನೀರು ಮಾತ್ರ ದಂಡೆಯವರೆಗೆ. ಅವಳ ಜೀವ ಹಿಗ್ಗಿತು. ಸಲಿಕೆಯಿಂದ ಒಡ್ಡು ಕಡಿದು ಹನ್ನೊಂದೂ ಮಡಿಗೆ ನೀರು ಬಿಟ್ಟಳು. ಇನ್ನು ವಾರವಿಡೀ ಯಾರೂ ಕೊಡ ಹೊರಬೇಕಾಗಿಲ್ಲ ಎಂದು ನಗುತ್ತ ಬಂದು ನಮಗೆ ಹೇಳಿದಳು.

ಅದು ಉಬ್ಬರದ ನೀರು. ಸಮುದ್ರದ ಉಪ್ಪು.

ಮೂರನೆಯ ದಿನ ಮೆಂತ್ಯದ ಅಂಚು ಸುಟ್ಟಂತಾಯಿತು. ಐದನೆಯ ದಿನ ಮಣ್ಣಿನ ಮೇಲೆ ಬಿಳಿ ಪುಡಿ. ಆ ನೀರು ಉಪ್ಪೆಂದು ಇಲ್ಲಿನ ಕೂಸಿಗೂ ಗೊತ್ತು. ಅದನ್ನು ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ಪಿಯೆದಾದ್ ಬಾಯಿ ಬಂದರು. ಅವರ ಹಿಂದೆ ಏರಿ ಕಾಯುವ ಸಮಿತಿಯ ನಾಲ್ಕು ಜನ. ಏರಿಯ ತೂಬಿನ ಬಾಗಿಲು ನೋಡಿಕೊಳ್ಳುವ ಪಾಂಡು ಎಲ್ಲರಿಗಿಂತ ಮುಂದೆ. ಘಾಟಿಗಳ ಕೈಗೆ ಗದ್ದೆ ಕೊಟ್ಟರೆ ಹೀಗೇ ಆಗುತ್ತದೆ, ಇವತ್ತು ಮಡಿ ಕೆಡಿಸಿದರು, ನಾಳೆ ಏರಿಯನ್ನೇ ಕಡಿಯುತ್ತಾರೆ ಎಂದು ಕೊಂಕಣಿಯಲ್ಲಿ ಕೂಗಾಡಿದ. ಕಾಗದ ಹರಿದುಹಾಕಿ, ಇವರನ್ನು ಇವತ್ತೇ ಕಳಿಸಿ ಎಂದ. ಬಾಯಿ ಒಂದು ಹೆಜ್ಜೆ ಮುಂದೆ ಬಂದರು. ಸುಟ್ಟ ಮಡಿಗಳನ್ನೇ ನೋಡುತ್ತ ನಿಂತಿದ್ದರು.

ನಮ್ಮ ಹೆಂಗಸರು ಬುಟ್ಟಿ, ಸಲಿಕೆ ಎತ್ತಿಕೊಳ್ಳತೊಡಗಿದರು. ಬೈಸಿಕೊಂಡು ಹೊರಡುವುದು ನಮಗೆ ಅಷ್ಟು ರೂಢಿಯಾಗಿಬಿಟ್ಟಿದೆ. ಹುಲಿಗೆಮ್ಮ ಮಾತ್ರ ಸಲಿಕೆಯನ್ನು ನೆಲಕ್ಕೆ ಊರಿ, ಒಡ್ಡಿನ ಮೇಲೆ ಕೂತುಬಿಟ್ಟಳು.

"ತಪ್ಪ ನಂದು. ಒಪ್ಪಿಕೊಂಡೆ. ಆದ್ರ ನಾ ಹೋಗೂದಿಲ್ಲ. ಉಪ್ಪ ಹಾಕಿದ ಕೈಲೇ ಉಪ್ಪ ತಗೀತೀನಿ. ಈ ನೆಲಾ ಸಿಹಿ ಮಾಡಿ ಕೊಟ್ಟ ಮ್ಯಾಲೆ ಹೋಗು ಅನ್ರಿ, ಆಗ ಮಾತಾಡೂಣು. ಕೆಡಿಸಿ ಓಡಿ ಹೋದ್ಲು ಅಂತ ಅನಿಸಿಕೊಳ್ಳಾಕ ನಾ ಘಟ್ಟಾ ಇಳದು ಬಂದಿಲ್ಲ."

ನಾನು ಅದನ್ನು ಕೊಂಕಣಿಗೆ ತಿರುಗಿಸಿ ಹೇಳಿದೆ. ಒಂದಕ್ಷರವನ್ನೂ ಮೆತ್ತಗೆ ಮಾಡಲಿಲ್ಲ. ಶಾಲೆಯಲ್ಲಿ ಅಷ್ಟು ವರ್ಷ ಮೆತ್ತಗೆ ಮಾತಾಡಿಯೇ ಬಾಳಿದವಳು ನಾನು. ಅವತ್ತು ನನ್ನ ದನಿಯೂ ಏರಿತ್ತು. ಎತ್ತಿದ ಬುಟ್ಟಿಗಳು ಒಂದೊಂದಾಗಿ ಮತ್ತೆ ನೆಲಕ್ಕಿಳಿದವು. ಪಿಯೆದಾದ್ ಬಾಯಿ ಹುಲಿಗೆಮ್ಮನ ಕಡೆ ತಿರುಗಿದರು. ಒಂದು ತಿಂಗಳು ಎಂದರು. ಅಷ್ಟರಲ್ಲಿ ಈ ಮಡಿಯಲ್ಲಿ ಏನಾದರೂ ಹುಟ್ಟಿದರೆ ಹೊಸ ಕಾಗದ, ಇಲ್ಲದಿದ್ದರೆ ಇಲ್ಲ.

ಉಪ್ಪು ತೊಳೆಯುವ ಬಗೆಯನ್ನು ಮೀನಾಕ್ಷಿ ಕೃಷಿ ಕಚೇರಿಯಲ್ಲಿ ಕೇಳಿಕೊಂಡು ಬಂದಳು. ಮೇಲಿನ ಬಿಳಿ ಪದರ ಕೆರೆದು ತೆಗೆಯಬೇಕು. ತಗ್ಗಿನ ಕಡೆಗೆ ಸಣ್ಣ ಬಸಿಗಾಲುವೆ ತೋಡಬೇಕು. ಸಿಹಿನೀರು ನಿಲ್ಲಿಸಿ, ಇಳಿತದ ಹೊತ್ತಿಗೆ ಹೊರಗೆ ಬಿಡಬೇಕು. ಮತ್ತೆ ನಿಲ್ಲಿಸಬೇಕು, ಮತ್ತೆ ಬಿಡಬೇಕು. ಒಂಬತ್ತು ದಿನ ನಮ್ಮವರು ಬಾಯಿಯ ಬಾವಿಯಿಂದ ಕೊಡ ಹೊತ್ತರು. ದಾರಿಯಲ್ಲಿ ಹೋಗುವವರು, ಸಮುದ್ರಕ್ಕೆ ಸಕ್ಕರೆ ಹಾಕುತ್ತಿದ್ದೀರಾ ಎಂದು ನಗಾಡಿದರು. ಚಹಾಕ್ಕೆ ಬನ್ನಿ, ಸಕ್ಕರೆ ಉಳಿದರೆ ಕೊಡುತ್ತೇವೆ ಎಂದರು ನಮ್ಮವರು.

ನಾಲ್ಕನೆಯ ಬೆಳಿಗ್ಗೆ ನೋಡಿದರೆ ಬಾವಿಯ ರಾಟೆಗೆ ಹೊಸ ಹಗ್ಗ. ಹಿಂದಿನ ದಿನದ ಹಳೆಯ ಹಗ್ಗಕ್ಕೆ ಹುಲಿಗೆಮ್ಮನ ಅಂಗೈ ಸುಲಿದಿತ್ತು. ಹಗ್ಗ ಹಾಕಿದವರು ಯಾರೆಂದು ಯಾರೂ ಹೇಳಲಿಲ್ಲ. ಪಿಯೆದಾದ್ ಬಾಯಿಯ ಕಿಟಕಿ ಅರ್ಧ ತೆರೆದಿತ್ತು, ಅಷ್ಟೇ.

ಭಾನುವಾರ ಗಂಗಪ್ಪ ಬಂದ. ಸೈಕಲ್ಲಿನ ಎರಡೂ ಬದಿಗೆ ಖಾಲಿ ಎಣ್ಣೆ ಡಬ್ಬ ಕಟ್ಟಿಕೊಂಡಿದ್ದ. ಯಾರೂ ಏನೂ ಕೇಳುವ ಮೊದಲೇ ಹೇಳಿದ, "ನಾ ಹೊಲಾ ಮಾಡಾಕ ಬಂದಿಲ್ಲ. ನೀರ ಹೊರಾಕ ಬಂದೇನಿ." ಹುಲಿಗೆಮ್ಮ ಅವನ ಕಡೆ ನೋಡದೆಯೇ ಬಾವಿಯ ದಾರಿ ತೋರಿಸಿದಳು. ಸಂಜೆಗೆ ಅವನೇ ಬಸಿಗಾಲುವೆಯ ಅಂಚು ಕೆತ್ತುತ್ತ, ಹೀಗಲ್ಲ ಹಾಗೆ ಎಂದು ಹೆಂಗಸರಿಗೆ ಪಾಠ ಹೇಳುತ್ತಿದ್ದ. ಮಣ್ಣು ಬಿಟ್ಟು ಬಂದವನ ಕೈ ಮಣ್ಣನ್ನು ಬಿಟ್ಟಿರಲಿಲ್ಲ.

ಹತ್ತನೆಯ ದಿನ ಪಿಯೆದಾದ್ ಬಾಯಿ ಮಡಿಯ ಬಳಿ ಕೂತು ಚಿಟಿಕೆ ಮಣ್ಣು ನಾಲಿಗೆಗಿಟ್ಟು ರುಚಿ ನೋಡಿದರು. ಉಗುಳಿ, ಇನ್ನೊಂದು ಮಡಿಯದನ್ನು ನೋಡಿದರು. ಆಮೇಲೆ ಸೊಂಟದ ಚೀಲದಿಂದ ಎಳ್ಳಿಗಿಂತ ಸಣ್ಣ ಕಪ್ಪು ಬೀಜ ತೆಗೆದು ಹುಲಿಗೆಮ್ಮನ ಅಂಗೈಗೆ ಸುರಿದರು. ಇಲ್ಲಿನ ಕೆಂಪು ಪಲ್ಲೆ, ತಾಂಬ್ಡಿ ಭಾಜಿಯ ಬೀಜ. ನಿಮ್ಮ ಮೆಂತ್ಯ ನಾಜೂಕಿನದು, ಇದು ಈ ಮಣ್ಣಿನ ಹುಡುಗಿ, ಸ್ವಲ್ಪ ಉಪ್ಪಿಗೆಲ್ಲ ಅಳುವುದಿಲ್ಲ ಎಂದರು.

ಅಳಲಿಲ್ಲ. ಹನ್ನೊಂದರಲ್ಲಿ ಎಂಟು ಮಡಿ ಕೆಂಪಾಗಿ ಎದ್ದವು. ಬಾಯಿ ಕೊಟ್ಟ ತಿಂಗಳು ಮುಗಿಯಲು ಎರಡು ದಿನ ಇರುವಾಗ ಮೊದಲ ಕಟ್ಟು ಅವರ ಮನೆಗೆ, ಎರಡನೆಯದು ಅಂಗನವಾಡಿಗೆ ಹೋಯಿತು. ತುಟಿ ಕೆಂಪಾಯಿತೆಂದು ಮಕ್ಕಳು ಒಬ್ಬರಿಗೊಬ್ಬರು ನಾಲಿಗೆ ತೋರಿಸುತ್ತಿದ್ದರು. ಬಾಯಿ ಹೊಸ ಕಾಗದಕ್ಕೆ ಸಹಿ ಹಾಕಿದರು. ಪಕ್ಕದ ಎರಡು ಬೀಳುಗದ್ದೆಯವರು ಈಗ ಮೀನಾಕ್ಷಿಯನ್ನು ಕೇಳಿಕೊಂಡು ಬಂದಿದ್ದಾರೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಘಟ್ಟದ ಲಾರಿ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಜೋಳ ಅದರಲ್ಲೇ ಬರಬೇಕು. ಆದರೆ ಲಾರಿ ನಿಂತ ದಿನ ನಮ್ಮ ಮಕ್ಕಳ ತಾಟು ಖಾಲಿಯಾಗುವುದನ್ನು ಹಣೆಬರಹವೆಂದು ಒಪ್ಪಿಕೊಳ್ಳಬೇಡಿ. ನಿಮ್ಮ ಓಣಿಯ ಸುತ್ತ ಬೀಳು ಬಿದ್ದ ನೆಲ ಯಾರದೆಂದು ಕೇಳಿ. ನಿಮ್ಮ ಸಂಘದಲ್ಲಿ ಮಾತು ಎತ್ತಿ, ಕೃಷಿ ಕಚೇರಿಯ ಬಾಗಿಲು ತಟ್ಟಿ. ನೆಲದವರ ಹೆದರಿಕೆಗೆ ಕಿವಿಗೊಡಿ, ಎಲ್ಲರ ಮುಂದೆ ಕಾಗದ ಮಾಡಿಕೊಳ್ಳಿ. ಅಂಗನವಾಡಿ, ಶಾಲೆ, ಮೀನಿನವರು, ಯಾರನ್ನೂ ಬಿಡದೆ ಸೇರಿಸಿಕೊಳ್ಳಿ. ಆ ಊರಿನ ನೀರು ಎಂಥದೆಂದು ಮೊದಲು ಕೇಳಿ, ನಾವು ಕೇಳಲಿಲ್ಲ. ನೀವು ಹೊರಗಿನವರು, ನಡೀರಿ ಎಂದು ಯಾರಾದರೂ ಅಂದರೆ ಹುಲಿಗೆಮ್ಮನ ಹಾಗೆ ಸಲಿಕೆ ಊರಿ ಕೂತುಕೊಳ್ಳಿ. ದುಡಿದು ಉಣಿಸುವವರು ಎಲ್ಲಿಯೂ ಹೊರಗಿನವರಲ್ಲ.

ಮೊನ್ನೆ ಹುಣ್ಣಿಮೆಯ ದಿನ ಹನ್ನೊಂದರ ಹೊತ್ತಿಗೆ ನಾನು ಗದ್ದೆಯಲ್ಲಿದ್ದೆ. ಪಾಂಡು ಏರಿಯ ಮೇಲಿಂದ ನಡೆದು ಬಂದ. ಒಡ್ಡಿನ ಆಚೆಯೇ ನಿಂತು, ನಮ್ಮ ಯಾರ ಮುಖವನ್ನೂ ನೋಡದೆ, ಇವತ್ತು ಉಬ್ಬರ ದೊಡ್ಡದು, ಒಂದು ಗಂಟೆಯ ಹೊತ್ತಿಗೆ ಕಾಲುವೆ ತುಂಬುತ್ತದೆ, ಈ ಮೂಲೆ ಸಡಿಲವಿದೆ, ಎರಡು ಬುಟ್ಟಿ ಮಣ್ಣು ಹಾಕಿಕೊಳ್ಳಿ ಎಂದ. ನೀರು ಇಳಿಯುವವರೆಗೂ ತೂಬಿನ ಹತ್ತಿರವೇ ಇರುತ್ತೇನೆಂದ. ಬೆಳಗಿನಿಂದ ಅಲ್ಲೇ ಇದ್ದವನ ಹಾಗೆ ಕಾಣುತ್ತಿದ್ದ.

ಹುಲಿಗೆಮ್ಮ ಒಡ್ಡಿಗೆ ಎರಡು ಬುಟ್ಟಿ ಮಣ್ಣು ಹಾಕಿ ತುಳಿದಳು. ಕೈ ತೊಳೆದುಕೊಂಡಳು. ತನ್ನ ಬುತ್ತಿಯ ಗಂಟು ಬಿಚ್ಚಿ, ಎರಡು ಜೋಳದ ರೊಟ್ಟಿಯ ಮೇಲೆ ಕೆಂಪು ಪಲ್ಲೆ ಹಾಕಿ, ಏರಿ ಹತ್ತಿ ಹೋಗಿ, ಅವನ ಮುಂದೆ ಹಿಡಿದಳು. ಅವನು ಅಂಗೈಗಳನ್ನು ಅಂಗಿಗೆ ಒರೆಸಿಕೊಂಡು, ಎರಡೂ ಕೈಯಿಂದ ತೆಗೆದುಕೊಂಡ.